ತಾತನ ಮೊದಲ ಮಿಠಾಯಿ

ಬ್ಯಾಂಕಿನಲ್ಲಿ 35 ವರ್ಷ ಲೆಡ್ಜರ್ ಬರೆದವನು ನಾನು. ಅಡುಗೆಮನೆಗೆ ಹೋಗುತ್ತಿದ್ದದ್ದು ಕುಡಿದ ಕಾಫಿ ಲೋಟ ಇಡುವುದಕ್ಕೆ ಮಾತ್ರ. ಅಂಥವನು ಎಪ್ಪತ್ತು ದಾಟಿದ ಮೇಲೆ ಮಿಠಾಯಿ ಮಾಡಲು ನಿಂತ ಕಥೆ ಇದು.

ಕಳೆದ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ನನ್ನ ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು. ಪ್ರತಿ ಸಂಕ್ರಾಂತಿಗೆ ಮೈಸೂರಿನಿಂದ ಅವಳು ಕಳಿಸುತ್ತಿದ್ದ ಸಕ್ಕರೆ ಅಚ್ಚಿನ ಡಬ್ಬಿ ಇನ್ನು ಬರುವುದಿಲ್ಲವೆಂದು ಹತ್ತು ವರ್ಷದ ಮೊಮ್ಮಗಳಿಗೂ ಗೊತ್ತಿತ್ತು. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಮಾಡಿದ ಸಿಹಿಯನ್ನು ಅಕ್ಕಪಕ್ಕದವರಿಗೆ ಹಂಚುವ ರೂಢಿಯಿದೆ.

"ತಾತ, ಈ ಸಲ ನಾವಿಬ್ರೇ ಏನಾದ್ರೂ ಮಾಡೋಣ್ವಾ?" ಎಂದಳು.

ಪಾಕದ ಹದ ನನಗೇನು ಗೊತ್ತು? ಅವಳೇ ಸ್ಲೋ ಕುಕರ್ ತೋರಿಸಿದಳು. ದಪ್ಪ ಪಿಂಗಾಣಿ ಪಾತ್ರೆಗೆ ಸುತ್ತಲಿಂದ ಮೆಲ್ಲಗೆ ಕಾವು ಕೊಡುವ ವಿದ್ಯುತ್ ಪಾತ್ರೆ ಅದು. ಇರ್ವಿಂಗ್ ನ್ಯಾಕ್ಸನ್ ಎಂಬವರು 1940ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದರು. ಬೇಕರಿ ಒಲೆಯ ಉಳಿದ ಕಾವಿನಲ್ಲಿ ರಾತ್ರಿಯಿಡೀ ಬೇಯುತ್ತಿದ್ದ ಅಡುಗೆಯ ಬಗ್ಗೆ ಅವರ ತಾಯಿ ಹೇಳಿದ ಮಾತೇ ಅದಕ್ಕೆ ಪ್ರೇರಣೆಯಂತೆ. 1971ರಲ್ಲಿ ಅದು 'ಕ್ರಾಕ್‌ಪಾಟ್' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಲೆಕ್ಕ ಬರೆದುಕೊಳ್ಳಿ ಮಕ್ಕಳೇ. ಹುರಿದು ಉಪ್ಪು ಹಾಕಿದ ಕಡಲೆಕಾಯಿ ಬೀಜ 450 ಗ್ರಾಂ, ಕಪ್ಪು ಚಾಕೊಲೇಟ್ ಚೂರು 225 ಗ್ರಾಂ, ಬಿಳಿ ಚಾಕೊಲೇಟ್ 350 ಗ್ರಾಂ. ಬೀಜ ಕೆಳಗೆ, ಚಾಕೊಲೇಟ್ ಮೇಲೆ. ಹಾಗಿದ್ದರೆ ಚಾಕೊಲೇಟ್ ತಳ ಹಿಡಿಯುವುದಿಲ್ಲ. 'ಲೋ' ಕಾವಿನಲ್ಲಿ ಒಂದರಿಂದ ಒಂದೂವರೆ ಗಂಟೆ. 20 ನಿಮಿಷಕ್ಕೊಮ್ಮೆ ಒಣ ಸೌಟಿನಿಂದ ಕೈಯಾಡಿಸಬೇಕು. ಎಲ್ಲ ಕರಗಿ ಒಂದಾದಾಗ ಬಟರ್ ಪೇಪರ್ ಮೇಲೆ ಒಂದೊಂದು ಚಮಚ ಹಾಕಿ ಆರಲು ಬಿಟ್ಟರೆ ಮುಗಿಯಿತು. ನಮಗೆ ಐವತ್ತರಷ್ಟು ಉಂಡೆ ಸಿಕ್ಕವು.

ಆದರೆ ಅದು ಎರಡನೆಯ ಸಲ! ಮೊದಲ ಸಲ ನಾನು ಮುಚ್ಚಳ ತೆಗೆದಾಗ ಅದರಲ್ಲಿದ್ದ ಹಬೆಯ ಹನಿಗಳು ಒಳಗೆ ಬಿದ್ದವು. ನುಣ್ಣಗಿದ್ದ ಚಾಕೊಲೇಟ್ ಗಟ್ಟಿ ಮಣ್ಣಿನ ಹಾಗಾಯಿತು. ಸ್ವಲ್ಪ ನೀರು ತಗುಲಿದರೂ ಅದರಲ್ಲಿರುವ ಸಕ್ಕರೆ, ಕೋಕೋ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಮ್ಮಗಳ ಕಣ್ಣಲ್ಲಿ ನೀರು. "ಅಜ್ಜಿ ಇದ್ದಿದ್ರೆ ಸರಿ ಮಾಡ್ತಿದ್ರು" ಎಂದಳು. ನನಗೂ ಗಂಟಲು ಕಟ್ಟಿತು.

ಲೆಡ್ಜರ್‌ನಲ್ಲಿ ವ್ಯತ್ಯಾಸ ಬಂದರೆ ಪುಟ ಹರಿಯುವುದಿಲ್ಲ, ಮತ್ತೆ ಕೂಡಿಸುತ್ತೇವೆ. ಬಿಸಿ ಹಾಲು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕಲಸಿದೆವು. ಮಿಠಾಯಿಯಾಗಲಿಲ್ಲ, ಆದರೆ ದೋಸೆಗೆ ಹಚ್ಚಿಕೊಳ್ಳಲು ಸೊಗಸಾದ ಚಾಕೊಲೇಟ್ ಗೊಜ್ಜಾಯಿತು! ಮಾರನೆಯ ದಿನ ಮುಚ್ಚಳದ ಕೆಳಗೆ ಒಣ ಬಟ್ಟೆ ಹಾಸಿ, ಅಂಚುಗಳನ್ನು ಬಿಸಿಗೆ ತಾಗದಂತೆ ಮೇಲಕ್ಕೆ ಮಡಚಿದೆವು. ಹಬೆಯನ್ನೆಲ್ಲ ಬಟ್ಟೆಯೇ ಹೀರಿಕೊಂಡಿತು.

ಸ್ಲೋ ಕುಕರ್ ಇಲ್ಲದವರು ಬಿಸಿ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸಿ, ದೊಡ್ಡವರು ಜೊತೆಗಿರಲಿ. ಕಡಲೆಕಾಯಿ ಕೆಲವರಿಗೆ ಅಲರ್ಜಿ, ಅಪಾಯವೂ ಹೌದು. ನಾವು ಪ್ರತಿ ಮನೆಯಲ್ಲೂ ಕೇಳಿಯೇ ಕೊಟ್ಟೆವು.

ಸಂಜೆ ಕೆಲಸದಿಂದ ಬಂದ ಮಗಳು ಒಂದು ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ ಅಪ್ಪ. ಉಪ್ಪು ಒಂದು ಚೂರು ಜಾಸ್ತಿ" ಎಂದಳು.

ಥೇಟ್ ಅವಳ ಅಮ್ಮನ ಧಾಟಿ. ಮೂವರೂ ನಕ್ಕೆವು. ಆ ಮನೆಗೆ ಬಂದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.