ಎಕ್ಸ್‌ಪಿಗೆ ಎರಡು ಫೋಲ್ಡರ್ ಸಾಕು

ಧಾರವಾಡದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವರನ್ನು ಹಳೆಯ ಲೇಖಕರು ಸುಲಭವಾಗಿ ಬಿಡುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಅಕ್ಷರ ಜೋಡಿಸಿಕೊಟ್ಟ ಪುಸ್ತಕಕ್ಕೆ ಈಗ ಎರಡನೇ ಮುದ್ರಣದ ಯೋಗ ಕೂಡಿ ಬಂದಿರುತ್ತದೆ. ಕೊಡೆ ಮಡಚುತ್ತ ಒಳಗೆ ಬಂದು, "ಏನವಾ, ನನ್ನ ಪುಸ್ತಕ ನಿನ್ನ ಕಂಪ್ಯೂಟರಿನ್ಯಾಗ ಇನ್ನೂ ಅದನೋ ಇಲ್ಲೋ?" ಎನ್ನುತ್ತಾರೆ. ಅದ ರೀ, ಕೂಡ್ರಿ ಎನ್ನುತ್ತೇನೆ. ಫೈಲು ನಿಜಕ್ಕೂ ಇರುತ್ತದೆ. ಅದನ್ನು ತೆರೆಯುವುದೇ ಒಂದು ಕಸುಬು.

ಆ ಪುಸ್ತಕಗಳೆಲ್ಲ ಪೇಜ್‌ಮೇಕರ್‌ನಲ್ಲಿ ಕಟ್ಟಿದವು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. 2004ಕ್ಕೆ ಅಡೋಬಿ ಅದರ ಬೆಳವಣಿಗೆಯನ್ನೇ ನಿಲ್ಲಿಸಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಪೇಜ್‌ಮೇಕರ್ ಅದನ್ನು ಕೊನೆಗೂ ಕಲಿಯಲಿಲ್ಲ. ಹಾಗಾಗಿ ನಾವು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುತ್ತಿದ್ದೆವು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳು ಅವು. ಫಾಂಟು ತಪ್ಪಿದರೆ ಕಾದಂಬರಿಯ ಮೊದಲ ಸಾಲು ಯಾವುದೋ ಯುರೋಪಿನ ಭಾಷೆಯ ತಲೆಕೆಟ್ಟ ಸಾಲಿನಂತೆ ಕಾಣುತ್ತದೆ. ಹಳೆಯ ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ಪೇಜ್‌ಮೇಕರ್, ಅದೇ ಫಾಂಟು, ಈ ಮೂರೂ ಜೊತೆಗಿದ್ದರೆ ಪುಟ ಇದ್ದ ಹಾಗೇ ಏಳುತ್ತದೆ. ನಮ್ಮ ಎಕ್ಸ್‌ಪಿ ಯಂತ್ರ ಎಂದೋ ಗುಜರಿಗೆ ಹೋಯಿತು. ಈಗಿರುವುದು ಉಬುಂಟು ಹಾಕಿದ ಹೊಸ ಕಂಪ್ಯೂಟರು. ಅದರೊಳಗೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಎಕ್ಸ್‌ಪಿಯನ್ನು ಮತ್ತೆ ಎಬ್ಬಿಸಿಕೊಂಡಿದ್ದೇವೆ.

ಕಂಪ್ಯೂಟರಿನೊಳಗೆ ಕಂಪ್ಯೂಟರ್ ಎಂದರೆ ಕೆಲವರು ನಗುತ್ತಾರೆ. ಐಬಿಎಂ ದೊಡ್ಡ ಯಂತ್ರಗಳಲ್ಲಿ ಈ ಕೆಲಸವನ್ನು 1960ರ ದಶಕದಲ್ಲೇ ಮಾಡಿತ್ತು. ಮೇಜಿನ ಮೇಲಿನ ಪಿಸಿಗೆ ಅದನ್ನು ತಂದದ್ದು ವಿಎಂವೇರ್, 1999ರಲ್ಲಿ. ವರ್ಚುವಲ್‌ಬಾಕ್ಸ್ ಹುಟ್ಟಿದ್ದು ಜರ್ಮನಿಯ ಇನ್ನೊಟೆಕ್ ಎಂಬ ಸಣ್ಣ ಕಂಪನಿಯಲ್ಲಿ. 2007ರಲ್ಲಿ ಹೊರಬಂತು, ಮರುವರ್ಷವೇ ಸನ್ ಕಂಪನಿ ಕೊಂಡಿತು, 2010ರಲ್ಲಿ ಸನ್ ಸಮೇತ ಒರೇಕಲ್ ಕೈಸೇರಿತು. ಒಳಗಿನ ಯಂತ್ರಕ್ಕೆ ತಾನು ಬೇರೊಂದರ ಹೊಟ್ಟೆಯಲ್ಲಿದ್ದೇನೆ ಎಂಬುದು ತಿಳಿದಿರಬೇಕಾಗಿಲ್ಲ. ಅದರ ಹಾರ್ಡ್‌ಡಿಸ್ಕ್ ಎಂದರೆ ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೇ. ಹೊರಗಿನಿಂದ ಆ ಫೈಲನ್ನು ಫೋಲ್ಡರಿನ ಹಾಗೆ ಬಿಚ್ಚಿ ನೋಡುವಂತಿಲ್ಲ. ಒಳಗಿನಿಂದ ಹೊರಗಿನದೊಂದೂ ಕಾಣುವುದಿಲ್ಲ.

ಹಾಗಾದರೆ ಹಳೆಯ ಫೈಲು ಒಳಗೆ ಹೋಗುವುದು ಹೇಗೆ, ಸಿದ್ಧವಾದ ಪಿಡಿಎಫ್ ಹೊರಗೆ ಬರುವುದು ಹೇಗೆ? ಪೆನ್‌ಡ್ರೈವ್ ಚುಚ್ಚಿ ಒಮ್ಮೆ ಇವನಿಗೆ, ಒಮ್ಮೆ ಅವನಿಗೆ ಕೊಡಬಹುದು. ದಿನಕ್ಕೆ ಎರಡು ಫೈಲಾದರೆ ನಡೆಯುತ್ತದೆ. ನೆಟ್‌ವರ್ಕ್ ಕೊಟ್ಟು, ಅಂಗಡಿಯ ಬೇರೆ ಕಂಪ್ಯೂಟರಿನೊಂದಿಗೆ ಮಾತಾಡಿದಂತೆ ಮಾತಾಡಿಸಬಹುದು. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ಫೈಲು ಹಂಚಿಕೊಳ್ಳಲು ಅದಕ್ಕೆ ಗೊತ್ತಿರುವುದು ಎಸ್‌ಎಂಬಿ ಎಂಬ ರೂಢಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ಸು ಬ್ರಿಟನ್ನಿನ ಆಸ್ಪತ್ರೆಗಳವರೆಗೆ ಹಬ್ಬಿದ್ದು ಆ ಮೊದಲ ಆವೃತ್ತಿಯ ಬಿರುಕಿನಿಂದಲೇ. ಬೆಂಬಲ ನಿಲ್ಲಿಸಿದ್ದ ಎಕ್ಸ್‌ಪಿಗೂ ಆಗ ಮೈಕ್ರೋಸಾಫ್ಟ್ ತೇಪೆಯೊಂದನ್ನು ಬಿಡಬೇಕಾಯಿತು. ಅಂಥ ಮುದುಕ ವಿಂಡೋಸನ್ನು ಎರಡು ಫೈಲಿನ ಆಸೆಗೆ ಬೀದಿಗೆ ಬಿಡುವುದೇ?

ಮೂರನೆಯದು ಶೇರ್ಡ್ ಫೋಲ್ಡರ್. ಹೊರಗಿನ ಕಂಪ್ಯೂಟರಿನ ಒಂದು ಫೋಲ್ಡರನ್ನು ಒಳಗಿನದಕ್ಕೆ ತೋರಿಸುವುದು. ಹಳೆಯ ಮನೆಗಳ ಮಹಡಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸಿ ತರಕಾರಿ ಕೊಳ್ಳುತ್ತಿದ್ದರಲ್ಲ, ವ್ಯವಹಾರ ಹಾಗೆ: ಬುಟ್ಟಿ ಓಡಾಡುತ್ತದೆ, ತರಕಾರಿಯವನು ಮೆಟ್ಟಿಲು ಹತ್ತುವುದಿಲ್ಲ. ಫೈಲಿನ ನಕಲು ಎಲ್ಲಿಯೂ ಆಗುವುದಿಲ್ಲ. ಒಳಗಿನ ಎಕ್ಸ್‌ಪಿ ಫೈಲು ಬೇಕೆಂದರೆ ಆ ಬೇಡಿಕೆಯನ್ನು ಒಂದು ಡ್ರೈವರ್ ವರ್ಚುವಲ್‌ಬಾಕ್ಸಿಗೆ ದಾಟಿಸುತ್ತದೆ, ವರ್ಚುವಲ್‌ಬಾಕ್ಸ್ ಹೊರಗಿನ ಅಸಲಿ ಫೈಲನ್ನೇ ತೆರೆದು ಕೊಡುತ್ತದೆ. ಎಕ್ಸ್‌ಪಿಯಲ್ಲಿ ಇದು ನೆಟ್‌ವರ್ಕ್ ಡ್ರೈವಿನ ವೇಷದಲ್ಲಿ ಕಾಣಿಸುತ್ತದಾದರೂ ನಡುವೆ ನೆಟ್‌ವರ್ಕ್ ಇರುವುದಿಲ್ಲ. ನಮ್ಮ ಎಕ್ಸ್‌ಪಿಯ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗ್ಸಿನಲ್ಲಿ ತೆಗೆದೇ ಹಾಕಿದ್ದೇನೆ. ಫೋಲ್ಡರ್ ಆರಾಮಾಗಿ ನಡೆಯುತ್ತದೆ.

ಆ ಡ್ರೈವರ್ ತಾನಾಗಿ ಬರುವುದಿಲ್ಲ. ಒಳಗಿನ ಯಂತ್ರ ಓಡುತ್ತಿರುವಾಗ ಮೇಲಿನ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಸಿಡಿಯನ್ನು ಹಾಕಿ, ಒಳಗೆ ಇನ್‌ಸ್ಟಾಲ್ ಮಾಡಿ, ಮರುಚಾಲನೆ ಕೊಡಬೇಕು. ಫೋಲ್ಡರ್ ಕಾಣುತ್ತಿಲ್ಲ ಎಂದು ಒದ್ದಾಡುವವರಲ್ಲಿ ಬಹಳ ಮಂದಿ ಈ ಹೆಜ್ಜೆ ಹಾರಿಸಿದವರೇ. ಆಮೇಲೆ ಸೆಟ್ಟಿಂಗ್ಸಿನ ಶೇರ್ಡ್ ಫೋಲ್ಡರ್ಸ್ ಪುಟದಲ್ಲಿ ಯಾವ ಫೋಲ್ಡರ್, ಅದಕ್ಕೇನು ಹೆಸರು ಎಂದು ಬರೆಯುವುದು. ಕೆಳಗೆ ಓದಲು ಮಾತ್ರ ಎಂಬುದಕ್ಕೊಂದು, ತಾನಾಗಿ ಜೋಡಿಸು ಎಂಬುದಕ್ಕೊಂದು ಟಿಕ್ಕಿನ ಚೌಕ. ಯಾವ ಜಾಗಕ್ಕೆ ಜೋಡಿಸಬೇಕು ಎಂಬುದಕ್ಕೂ ಒಂದು ಖಾಲಿ ಜಾಗವಿದೆ. ಬಹುತೇಕರು ಅದನ್ನು ಖಾಲಿಯೇ ಬಿಡುತ್ತಾರೆ. ನಮ್ಮ ಕಸುಬಿನವರಿಗೆ ಬೇಕಾದದ್ದು ಆ ಜಾಗವೇ.

ಕಾರಣ ಇಷ್ಟು. ಪೇಜ್‌ಮೇಕರ್ ದೊಡ್ಡ ಫೋಟೋಗಳನ್ನು ತನ್ನೊಳಗೆ ಇಟ್ಟುಕೊಳ್ಳದೆ, ಫೋಟೋ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳಬಲ್ಲದು. ನಮ್ಮ ಹಳೆಯ ಯಂತ್ರದಲ್ಲಿ ಪುಸ್ತಕಗಳೆಲ್ಲ ಡಿ ಡ್ರೈವಿನಲ್ಲಿದ್ದವು. ಹೊಸ ವ್ಯವಸ್ಥೆಯಲ್ಲಿ ಶೇರ್ಡ್ ಫೋಲ್ಡರು ಝಡ್ ಡ್ರೈವೆಂದು ಕಂಡರೆ ಆ ವಿಳಾಸಗಳೆಲ್ಲ ಸುಳ್ಳಾಗುತ್ತವೆ. ಅಂಗಡಿಯ ಹುಡುಗ ಒಂದು ಸ್ಮರಣ ಸಂಚಿಕೆ ತೆರೆದು, "ಅಕ್ಕಾರ, ಫೋಟೋ ಎಲ್ಲಿ ಅದಾವು ಅಂತ ಒಂದೊಂದಕ್ಕೂ ಕೇಳಾಕತ್ತೇತ್ರಿ" ಎಂದ. ಸ್ಮರಣ ಸಂಚಿಕೆಯಲ್ಲಿ ದಾನಿಗಳ ಫೋಟೋ ಎಷ್ಟಿರುತ್ತವೆ ಎಂದು ಗೊತ್ತಿದ್ದವರಿಗೆ ಆ ಮಾತಿನ ಭಾರ ಗೊತ್ತು. ಮದ್ದು ಸರಳ: ಜೋಡಿಸುವ ಜಾಗ ಎಂಬಲ್ಲಿ ಡಿ ಎಂದು ಬರೆದು ಮುಂದೆ ಕೋಲನ್ ಹಾಕುವುದು. ಅದಕ್ಕೆ ಮೊದಲು ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ಡಿ ಅಕ್ಷರದ ಮೇಲೆ ಕೂತಿರುವ ಸಿಡಿ ಡ್ರೈವನ್ನು ಆರ್ ಎಂಬ ಅಕ್ಷರಕ್ಕೆ ಎಬ್ಬಿಸಿ ಕಳಿಸಬೇಕು. ಆಮೇಲೆ ಹಳೆಯ ಫೋಲ್ಡರಿನ ಒಳರಚನೆ ಕೆಡದೆ ಇದ್ದರೆ ಫೋಟೋಗಳು ತಂತಮ್ಮ ಜಾಗದಲ್ಲಿ ಕೂರುತ್ತವೆ.

ಈ ಡಿ ಡ್ರೈವಿಗೆ ಓದಲು ಮಾತ್ರ ಎಂದು ಟಿಕ್ ಹಾಕಿದ್ದೇನೆ. ಪೇಜ್‌ಮೇಕರ್‌ನಲ್ಲಿ ಫೈಲು ತೆರೆಯುವಾಗ ಮೂಲವೋ ಪ್ರತಿಯೋ ಎಂದು ಆಯ್ಕೆ ಇದೆ. ಪ್ರತಿ ಎನ್ನುವುದು, ಸಿ ಡ್ರೈವಿನಲ್ಲಿ ಉಳಿಸಿಕೊಂಡು ತಿದ್ದುವುದು. ಹೊರಗೆ ಕಳಿಸಲು ಹೆಚ್ ಡ್ರೈವೆಂದು ಇನ್ನೊಂದು ಫೋಲ್ಡರ್, ಇದಕ್ಕೆ ಬರೆಯುವ ಅನುಮತಿ ಇದೆ, ಆದರೆ ಪಿಡಿಎಫ್ಪು ಮತ್ತು ಪಠ್ಯದ ಫೈಲು ಬಿಟ್ಟು ಇಲ್ಲಿ ಬೇರೇನೂ ಇರುವುದಿಲ್ಲ. ಹೊರಗೆ ಬಂದ ಪಠ್ಯವನ್ನು ಉಬುಂಟಿನಲ್ಲಿ ಯೂನಿಕೋಡಿಗೆ ಪರಿವರ್ತಿಸುತ್ತೇವೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಇಂಥ ಕಡೆಗಳಲ್ಲೇ, ಕರಡು ತಿದ್ದದೆ ಗತಿಯಿಲ್ಲ.

ಎರಡು ಫೋಲ್ಡರ್ ಯಾಕೆ, ಇಡೀ ಹೋಮ್ ಫೋಲ್ಡರನ್ನೇ ತೋರಿಸಿಬಿಟ್ಟರೆ ಸಲೀಸಲ್ಲವೇ ಎಂದು ಹುಡುಗ ವಾದ ಮಾಡುತ್ತಾನೆ. ಶೇರ್ಡ್ ಫೋಲ್ಡರ್ ಎಂದರೆ ಗೋಡೆಯಲ್ಲಿ ನಾವೇ ಕೊರೆದ ಕಿಂಡಿ. ಒಳಗಿನ ಎಕ್ಸ್‌ಪಿಗೆ ಯಾರದೋ ಪೆನ್‌ಡ್ರೈವಿನ ವೈರಸ್ಸು ತಗುಲಿದರೆ, ಬರೆಯಲು ಅನುಮತಿ ಇರುವ ಪ್ರತಿ ಶೇರ್ಡ್ ಫೋಲ್ಡರಿನ ಅಸಲಿ ಫೈಲುಗಳನ್ನು ಅದು ಕೆಡಿಸಬಲ್ಲದು. 2008ರ ಫೆಬ್ರುವರಿಯಲ್ಲಿ ಕೋರ್ ಸೆಕ್ಯುರಿಟಿ ಎಂಬ ಸಂಸ್ಥೆ ವಿಎಂವೇರ್‌ನ ಶೇರ್ಡ್ ಫೋಲ್ಡರಿನಲ್ಲೇ ಒಂದು ದೋಷ ತೋರಿಸಿಕೊಟ್ಟಿತು: ಹೊರಗಿನ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದಲ್ಲಿ, ಒಳಗಿನ ಯಂತ್ರ ಆ ಒಂದು ಫೋಲ್ಡರಿನ ದಾರಿ ಹಿಡಿದು ಹೊರಗಿನ ಡಿಸ್ಕಿನ ಬೇರೆ ಜಾಗಗಳಿಗೂ ಕೈಹಾಕಬಹುದಿತ್ತು. ಅದು ಸರಿಹೋಗಿ ಎಷ್ಟೋ ಕಾಲವಾಯಿತು. ಆದರೂ ನನ್ನ ಬ್ಯಾಂಕಿನ ಕಾಗದ, ಮಗಳ ಮಾರ್ಕ್ಸ್‌ಕಾರ್ಡು ಎಕ್ಸ್‌ಪಿಗೆ ಕಾಣುವ ಅಗತ್ಯವೇನು?

ಸ್ನ್ಯಾಪ್‌ಶಾಟ್ ನಂಬಿಕೊಂಡವರಿಗೂ ಒಂದು ಮಾತು. ಅದರಿಂದ ಒಳಗಿನ ಯಂತ್ರವನ್ನು ನಿನ್ನೆಯ ಸ್ಥಿತಿಗೆ ಹಿಂದಿರುಗಿಸಬಹುದು. ಶೇರ್ಡ್ ಫೋಲ್ಡರಿನ ಫೈಲು ಮಾತ್ರ ಇಂದಿನದೇ ಇರುತ್ತದೆ, ಏಕೆಂದರೆ ಅದು ಆ ಯಂತ್ರದ್ದಲ್ಲ. ಅಲ್ಲಿಂದ ಅಳಿಸಿದ್ದು ಎಕ್ಸ್‌ಪಿಯ ರಿಸೈಕಲ್ ಬಿನ್ನಿಗೂ ಬರುವುದಿಲ್ಲ, ನೇರ ಹೋಗುತ್ತದೆ.

ಹೆಸರಿಡುವಾಗ ಇಂಗ್ಲಿಷ್ ಅಕ್ಷರವೇ ವಾಸಿ ಎಂದು ಹೇಳಲು ನನಗೂ ಬೇಸರವೇ. ಉಬುಂಟಿನಲ್ಲಿ ಕನ್ನಡದಲ್ಲಿ ಮುನ್ನುಡಿ ಎಂದು ಹೆಸರಿಟ್ಟ ಫೈಲು ಎಕ್ಸ್‌ಪಿಯ ಪಟ್ಟಿಯಲ್ಲಿ ಚೌಕಗಳಾಗಿ ನಿಲ್ಲಬಹುದು. ಭಾಷೆಗಳ ಸೆಟ್ಟಿಂಗಿನಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಿದರೆ ತುಂಗಾ ಫಾಂಟಿನಲ್ಲಿ ಕಾಣುತ್ತದೆ. ಪೇಜ್‌ಮೇಕರ್‌ಗೆ ಮಾತ್ರ ಅದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ದೊಡ್ಡಕ್ಷರ ಸಣ್ಣಕ್ಷರದ ತಕರಾರು ಬೇರೆ: ಒಂದೇ ಹೆಸರನ್ನು ಎರಡು ರೀತಿ ಬರೆದರೆ ಉಬುಂಟಿಗೆ ಅವು ಎರಡು ಫೈಲು, ವಿಂಡೋಸಿಗೆ ಒಂದೇ.

ತಿರುವುಮುರುವು ಇರುವವರು, ಅಂದರೆ ವಿಂಡೋಸಿನೊಳಗೆ ಉಬುಂಟು ಇಟ್ಟುಕೊಂಡ ಕಾಲೇಜು ಹುಡುಗರು, ಫೋಲ್ಡರ್ ಕಂಡರೂ ಅನುಮತಿಯಿಲ್ಲ ಎನ್ನುತ್ತದೆ ಎಂದು ಬರುತ್ತಾರೆ. ಅಲ್ಲಿ ತಾನಾಗಿ ಜೋಡಿಸಿದ ಫೋಲ್ಡರು ರೂಟ್ ಬಳಕೆದಾರನ ಹೆಸರಿನಲ್ಲಿರುತ್ತದೆ. ವಿಬಾಕ್ಸ್‌ಎಸ್‌ಎಫ್ ಎಂಬ ಗುಂಪಿಗೆ ತಮ್ಮ ಹೆಸರು ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಸರಿ. ವಿಎಂವೇರ್‌ನಲ್ಲಾದರೆ ಅದೇ ಫೋಲ್ಡರ್ ಎಂಎನ್‌ಟಿ ಡೈರೆಕ್ಟರಿಯ ಕೆಳಗೆ ಎಚ್‌ಜಿಎಫ್‌ಎಸ್ ಎಂಬ ಹೆಸರಲ್ಲಿ ಕೂತಿರುತ್ತದೆ.

ಶನಿವಾರ ಸಂಜೆ ನಾನು ಬ್ಯಾಕಪ್ ತೆಗೆದುಕೊಳ್ಳುವುದು ಡಿ ಮತ್ತು ಹೆಚ್ ಆಗಿ ಕಾಣುವ ಆ ಎರಡು ಫೋಲ್ಡರುಗಳದ್ದು. ಎಕ್ಸ್‌ಪಿಯ ಆ ಭಾರೀ ಡಿಸ್ಕ್ ಫೈಲಿನ ಒಂದು ಪ್ರತಿ, ಪೇಜ್‌ಮೇಕರ್ ಫಾಂಟು ಎಲ್ಲ ಹಾಕಿ ಮುಗಿಸಿದ ದಿನದ್ದು, ಬೇರೆ ಡಿಸ್ಕಿನಲ್ಲಿ ಇದೆ. ತಿದ್ದಿ ಮುಗಿದ ಪುಸ್ತಕ ಹೆಚ್ ಡ್ರೈವಿಗೆ ಬಂದ ಮೇಲೆ ಎಕ್ಸ್‌ಪಿ ಕೆಟ್ಟು ಕೂತರೆ ಆ ಪ್ರತಿಯನ್ನು ತಂದು ಹಾಕುವುದಷ್ಟೇ ಕೆಲಸ.