ಮೊದಲು ಗೇರು ನೋಡು, ಆಮ್ಯಾಲ ಹಗ್ಗ ಎಳಿ

ಕೃಷ್ಣಾ ದಂಡೆಯ ನಮ್ಮೂರುಗಳಲ್ಲಿ ಹಗ್ಗ ಎಳೆದು ಇಂಜಿನ್ ಚಾಲು ಮಾಡಲು ಬಾರದ ರೈತ ಅಪರೂಪ. ಹೊಳೆಯಿಂದ ಕಬ್ಬಿಗೆ ನೀರೆತ್ತುವ ಸಣ್ಣ ಸೀಮೆಎಣ್ಣೆ ಇಂಜಿನ್ ನೋಡುತ್ತಲೇ ಬೆಳೆದವರು ನಾವು. ಹೀಗಾಗಿ ಮಹಾಪೂರದ ಹೊತ್ತಿಗೆ ಊರಿಗೆ ಮೋಟಾರ್ ಬೋಟು ಬಂದರೆ ‘ಅದರಾಗೇನೈತಿ, ಎಳದ್ರ ಚಾಲೂ ಆಕ್ಕೈತಿ’ ಅನ್ನುವವರಿಗೆ ಬರವಿಲ್ಲ. ಪಂಪ್‌ಸೆಟ್ ರಿಪೇರಿ ನನ್ನ ಹೊಟ್ಟೆಪಾಡು. ಮಳೆಗಾಲದಲ್ಲಿ ಬೋಟಿನ ಮಷಿನ್‌ಗಳೂ ಅಂಗಡಿಗೆ ಬರುತ್ತವೆ. ಹಾಗೆ ಅನ್ನುವವರಿಗೆ ನಾನು ಹೇಳುವುದು ಒಂದೇ: ಬೋಲ್ಟು ಬಿಗಿದು ಕೂರಿಸಿದ ಪಂಪು ಚಾಲು ಆದಮೇಲೂ ಅಲ್ಲೇ ಇರುತ್ತದೆ, ಬೋಟು ಹೊರಟೇಬಿಡುತ್ತದೆ.

ನಮ್ಮ ಭಾಗಕ್ಕೆ ಬೋಟು ಹೊಸದೇನಲ್ಲ. ಕಾಗವಾಡ ತಾಲೂಕಿನ ಜುಗುಳದಿಂದ ಹೊಳೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ, ಕೋಪೇಶ್ವರನ ಗುಡಿ. ಜನ ದೋಣಿಯಲ್ಲೇ ಓಡಾಡಿದವರು. ಆದರೆ ಮಷಿನ್ ಬೋಟಿನ ನಿಜವಾದ ಕೆಲಸ ಆಷಾಢ, ಶ್ರಾವಣದಲ್ಲಿ. ಕೊಯ್ನಾದಿಂದ ನೀರು ಬಿಟ್ಟರು, ಪಂಚಗಂಗೆಯೂ ತುಂಬಿತು ಎಂಬ ಸುದ್ದಿ ಬಂದರೆ ಸಾಕು, ಚಿಕ್ಕೋಡಿ ತಾಲೂಕಿನ ಕಲ್ಲೋಳ, ಯಡೂರ, ಅಂಕಲಿ, ಮಾಂಜರಿಯ ಜನ ಹೊಳೆ ಕಡೆ ಕಣ್ಣು ನೆಡುತ್ತಾರೆ. ದೂಧಗಂಗಾ, ವೇದಗಂಗಾ ಉಕ್ಕಿದರೆ ನಿಪ್ಪಾಣಿ ಭಾಗದ ಕೆಳಸೇತುವೆಗಳು ಮುಳುಗುತ್ತವೆ. ಕೆಳಗೆ ರಾಯಬಾಗ ತಾಲೂಕಿನ ಕುಡಚಿ ಸೇತುವೆ, ಇನ್ನೂ ಕೆಳಗೆ ಅಥಣಿಯ ಹೊಳೆಸಾಲಿನ ಊರುಗಳು. 2005, 2019, 2021: ಈ ಮೂರು ವರ್ಷಗಳನ್ನು ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ.

ರಕ್ಷಣೆಗೆ ಬರುವ ರಬ್ಬರ್ ಬೋಟುಗಳ ಹಿಂದೆ ತೂಗುಹಾಕುವ ಮಷಿನ್‌ಗೆ ಔಟ್‌ಬೋರ್ಡ್ ಅನ್ನುತ್ತಾರೆ. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಮೇಲೆ ಇಂಜಿನ್, ಕೆಳಗೆ ಉದ್ದ ಕಾಲು, ಕಾಲಿನ ತುದಿಗೆ ಫ್ಯಾನು. ಇಂದಿಗೂ ಅದೇ ರೂಪ.

ಚಾಲು ಮಾಡುವ ಕೆಲಸ ದಂಡೆಯ ಮೇಲೆಯೇ ಶುರುವಾಗುತ್ತದೆ. ಪೆಟ್ರೋಲ್ ಟ್ಯಾಂಕನ್ನು ಬೋಟಿನಿಂದ ಕೆಳಗಿಳಿಸಿ, ನೆಲದ ಮೇಲಿಟ್ಟು ತುಂಬಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ಕಣ್ಣಿಗೆ ಕಾಣದು, ಒಂದು ಕಿಡಿಗೆ ಕಾದಿರುತ್ತದೆ. ಬೀಡಿ ಸೇದುವವರನ್ನು ದೂರ ಕಳಿಸಲು ನಾಚಿಕೆ ಬೇಡ, ಅವರು ಪಂಚಾಯಿತಿ ಮೆಂಬರೇ ಆಗಿರಲಿ. ಟೂ ಸ್ಟ್ರೋಕ್ ಮಷಿನ್ ಆದರೆ ಆಯಿಲ್ ಬೆರೆಸಬೇಕು. ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ 1 ಪಾಲು; ಆದರೂ ಕಂಪನಿಯ ಪುಸ್ತಕದ ಮಾತೇ ಕೊನೆ. ಬಳಿಕ ಮಷಿನ್‌ನ ಎರಡೂ ಹಿಡಿತಿರುಪು ಬಿಗಿಯಾಗಿವೆಯೇ ನೋಡಿ, ಮಷಿನ್‌ನಿಂದ ಬೋಟಿಗೆ ಒಂದು ಹಗ್ಗವನ್ನೂ ಕಟ್ಟಬೇಕು. ತಿರುಪು ಸಡಿಲಾಗಿ ಇಡೀ ಮಷಿನ್ ಹೊಳೆ ಪಾಲಾಗುವುದು ಕಥೆಯಲ್ಲ.

ಮುಂದೆ ಟ್ಯಾಂಕಿನ ಮುಚ್ಚಳದ ಗಾಳಿತಿರುಪು. ಇದನ್ನು ತೆರೆಯಲು ಮರೆತರೆ ಮಷಿನ್ ಚಾಲು ಆಗಿ, ನಡುಹೊಳೆಯಲ್ಲಿ ಉಸಿರುಕಟ್ಟಿ ನಿಲ್ಲುತ್ತದೆ. ಟ್ಯಾಂಕಿನಿಂದ ಹೋದಷ್ಟು ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕಲ್ಲ. ಪೈಪಿನ ನಡುವಿನ ರಬ್ಬರ್ ಉಂಡೆಯ ಮೇಲೆ ಬಾಣದ ಗುರುತಿರುತ್ತದೆ, ಅದು ಮಷಿನ್ ಕಡೆಗಿರಬೇಕು. ಉಂಡೆ ಗಟ್ಟಿಯಾಗುವವರೆಗೆ ಹಿಸುಕಬೇಕು.

ಈಗ ಗೇರು. ನಾನು ಅತಿ ಹೆಚ್ಚು ಜಗಳಾಡುವುದು ಇಲ್ಲಿಯೇ. ಗೇರು ನ್ಯೂಟ್ರಲ್‌ನಲ್ಲಿದೆ ಎಂದು ಕಣ್ಣಿನಿಂದ ನೋಡಿದರೆ ಸಾಲದು, ಕೈಯಿಂದ ಅಲುಗಾಡಿಸಿ ನೋಡಬೇಕು. ಗೇರಿನಲ್ಲಿದ್ದಾಗಲೇ ಚಾಲು ಆದರೆ ಬೋಟು ಮುಂದಕ್ಕೆ ಜಿಗಿಯುತ್ತದೆ. ನಿಂತು ಹಗ್ಗ ಎಳೆಯುತ್ತಿದ್ದವನು ಹಿಂದಕ್ಕೆ ಬೀಳುತ್ತಾನೆ. ಹಿಂದೆ ಇರುವುದು ಫ್ಯಾನು. ಹೊಸ ಮಷಿನ್‌ಗಳು ಗೇರಿನಲ್ಲಿದ್ದರೆ ಚಾಲು ಆಗದಂತೆ ತಡೆ ಇಟ್ಟಿರುತ್ತವೆ, ನಿಜ. ಆದರೆ ಹಗ್ಗ ಹರಿದಾಗ ಮೇಲಿನ ಮುಚ್ಚಳ ಬಿಚ್ಚಿ ಚಕ್ರಕ್ಕೆ ಬೇರೆ ಹಗ್ಗ ಸುತ್ತಿ ಎಳೆಯುತ್ತೇವಲ್ಲ, ಆಗ ಆ ತಡೆ ಕೆಲಸ ಮಾಡುವುದಿಲ್ಲ. ಹೊಳೆಸಾಲಿನವರ ಕೈಗೆ ಬಲು ಬೇಗ ಹತ್ತುವ ವಿದ್ಯೆಯೂ ಅದೇ.

ಹಗ್ಗ ಎಳೆಯುವುದಕ್ಕೂ ಒಂದು ಕ್ರಮವಿದೆ. ಮಷಿನ್ ತಣ್ಣಗಿದ್ದರೆ ಚೋಕ್ ಎಳೆಯಬೇಕು. ಹಿಡಿಕೆಯನ್ನು ಮೆಲ್ಲಗೆ ಎಳೆದು ‘ಹಿಡಿತ’ ಸಿಕ್ಕ ಮೇಲೆಯೇ ಜೋರಾಗಿ ಎಳೆಯಬೇಕು, ಹಗ್ಗ ಹಿಂದಕ್ಕೆ ಹೋಗುವಾಗ ಹಿಡಿಕೆಯನ್ನು ಥಟ್ಟನೆ ಕೈಬಿಡದೆ ಮೆಲ್ಲಗೆ ಬಿಡಬೇಕು. ಮೊಣಕೈ ಹಿಂದೆ ಯಾರೂ ಕೂತಿರಬಾರದು. ನಾಲ್ಕೈದು ಸಲ ಎಳೆದರೂ ಏಳದೆ ಪೆಟ್ರೋಲ್ ವಾಸನೆ ಬಂದರೆ ಮಷಿನ್ ಕುಡಿದದ್ದು ಹೆಚ್ಚಾಗಿದೆ ಎಂದೇ ಅರ್ಥ. ಚೋಕ್ ತೆಗೆದು ಸ್ವಲ್ಪ ಬಿಡಬೇಕು.

ಮಷಿನ್ ಜೊತೆಗೇ ಸ್ಪ್ರಿಂಗಿನಂಥ ಒಂದು ಕೆಂಪು ದಾರ ಇರುತ್ತದೆ. ಒಂದು ತುದಿ ಮಷಿನ್‌ನ ಗುಂಡಿಗೆ, ಇನ್ನೊಂದು ನಡೆಸುವವನ ಮಣಿಕಟ್ಟಿಗೆ ಅಥವಾ ಜಾಕೆಟ್ಟಿಗೆ. ಅವನು ನೀರಿಗೆ ಬಿದ್ದರೆ ದಾರ ಕಳಚಿ ಮಷಿನ್ ಬಂದ್. ನಮ್ಮಲ್ಲಿ ಇದನ್ನು ಮಷಿನ್‌ಗೇ ಸುತ್ತಿಟ್ಟು ಬೋಟು ಓಡಿಸುವುದು ರೂಢಿ. ಆಳು ಬಿದ್ದ ಬೋಟು ನೆಟ್ಟಗೆ ಹೋಗುತ್ತದೆ ಎಂದು ಹಲವರ ಎಣಿಕೆ. ಆದರೆ ಫ್ಯಾನಿನ ತಿರುವಿಗೆ ಮಷಿನ್ ತಾನಾಗಿ ಒಂದು ಕಡೆ ವಾಲುತ್ತದೆ, ಬೋಟು ಸುತ್ತು ಹಾಕಿ ಬಿದ್ದವನ ಮೇಲೆಯೇ ಬರುತ್ತದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಈ ದಾರ ಕಟ್ಟಿಕೊಳ್ಳುವುದನ್ನು 2021ರ ಏಪ್ರಿಲ್ 1ರಿಂದ ಕಾಯಿದೆಯಿಂದಲೇ ಕಡ್ಡಾಯ ಮಾಡಿದ್ದಾರೆ. ಚಾಲು ಆದಮೇಲೆ ಒಮ್ಮೆ ದಾರ ಕಿತ್ತು ನೋಡಿ, ಮಷಿನ್ ನಿಂತರೆ ಮತ್ತೆ ಚಾಲು ಮಾಡಿ ಹೊರಡಿ.

ಹೊರಡುವ ಮುನ್ನ ಇನ್ನೊಂದು ನೋಟ. ಮಷಿನ್ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಹುಡುಗರು ‘ಮಷಿನ್ ಉಚ್ಚಿ ಹೊಯ್ತೈತ್ರಿ ಮಾಮಾ’ ಎಂದು ನಗುತ್ತಾರೆ. ಆ ಉಚ್ಚೆಯೇ ಮಷಿನ್‌ನ ಜೀವ. ಹೊಳೆ ನೀರನ್ನೇ ಎಳೆದು ಮಷಿನ್ ತನ್ನನ್ನು ತಂಪು ಮಾಡಿಕೊಳ್ಳುತ್ತದೆ. ಒಳಗಿನ ರಬ್ಬರ್ ಪಂಪು ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಆದ್ದರಿಂದ ದಂಡೆಯ ಮೇಲೆ ‘ಸುಮ್ನ ಟೆಸ್ಟ್’ ಎಂದು ಒಣಗಾಗಿ ಚಾಲು ಮಾಡಬಾರದು. ಮಹಾಪೂರದ ರಾಡಿಯಲ್ಲಿ ಪ್ಲಾಸ್ಟಿಕ್ಕು, ಕಬ್ಬಿನ ರವದಿ ನೀರೆಳೆಯುವ ತೂತಿಗೆ ಅಂಟುತ್ತವೆ. ಹೊಲದ ಮೇಲೆ ಹಾಯ್ದರೆ ಡ್ರಿಪ್ ಪೈಪು ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಬಿಡಿಸಲು ಕೈಹಾಕುವ ಮೊದಲು ಮಷಿನ್ ಬಂದ್ ಮಾಡಿ, ದಾರವನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು.

ನಡುವಿನ ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಜನ ಎಷ್ಟು ಎಂಬುದನ್ನು ಬಿಟ್ಟು. 2019ರ ಆಗಸ್ಟ್ 8ರಂದು ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಸತ್ತರು. ಹಿಡಿಸುವುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ‘ಇನ್ನೊಬ್ರು ಕುಂತ್ರ ಏನಾಕ್ಕೈತಿ’ ಅನ್ನುವವರಿಗೆ ಇಲ್ಲ ಅನ್ನಬೇಕಾದವನು ಮಷಿನ್ ಹಿಡಿದವನೇ.

ಬಂದ್ ಮಾಡುವುದು ಗುಂಡಿ ಒತ್ತಿದಷ್ಟು ಸುಲಭ ಎಂದೇ ಎಲ್ಲರ ನಂಬಿಕೆ. ಅದು ಹಾಗಲ್ಲ. ದಂಡೆಗೆ ಬರುವಾಗ ಬೋಟಿನ ಮೂತಿ ಹರಿವಿಗೆ ಎದುರಾಗಿರಬೇಕು, ಆಗ ನೀರೇ ಬ್ರೇಕು ಹಾಕುತ್ತದೆ. ವೇಗ ಇಳಿಸಿ, ನ್ಯೂಟ್ರಲ್‌ಗೆ ತಂದು, ಮುಂದಿನ ಹಗ್ಗವನ್ನು ದಂಡೆಯವನಿಗೆ ಎಸೆಯಿರಿ. ಅವನು ಕಟ್ಟಿದ ಮೇಲೆಯೇ ಬಂದ್. ಮೊದಲೇ ಬಂದ್ ಮಾಡಿದರೆ ಹೊಳೆ ಎಳೆದೊಯ್ಯುತ್ತದೆ. ಕಟ್ಟಿದ ಮೇಲೂ ಚಾಲು ಇಟ್ಟರೆ ಮಕ್ಕಳನ್ನು ಇಳಿಸಿಕೊಳ್ಳಲು ಮೊಣಕಾಲುದ್ದ ನೀರಿಗಿಳಿದವರ ಕಾಲ ಹತ್ತಿರ ಫ್ಯಾನು ಇರುತ್ತದೆ. ಜನ ಹತ್ತುವಾಗ ಇಳಿಯುವಾಗ ಮಷಿನ್ ನಿಂತಿರಲೇಬೇಕು. ಜೋರಾಗಿ ಓಡಿ ಬಂದಿದ್ದರೆ ಬಂದ್ ಮಾಡುವ ಮುಂಚೆ ಒಂದೆರಡು ನಿಮಿಷ ಸಣ್ಣಗೆ ಓಡಲು ಬಿಡಿ, ಒಳಗಿನ ಕಾವು ಇಳಿಯುತ್ತದೆ.

ಆಮೇಲಿನ ಕೆಲಸವನ್ನು ಯಾರೂ ಮಾಡುವುದಿಲ್ಲ, ನನ್ನ ಅಂಗಡಿ ನಡೆಯುವುದೂ ಅದರಿಂದಲೇ. ಡ್ರಮ್ಮಿನಲ್ಲಿ ತಿಳಿನೀರು ತುಂಬಿ, ನೀರೆಳೆಯುವ ತೂತು ಮುಳುಗುವಂತೆ ಕಾಲು ಇಳಿಸಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿದರೆ ಕೃಷ್ಣೆಯ ರೇವೆ ಹೊರಬರುತ್ತದೆ. ಕೊನೆಗೆ ಪೆಟ್ರೋಲ್ ಪೈಪು ಕಿತ್ತು, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ತಾನೇ ನಿಲ್ಲುವವರೆಗೆ ಬಿಡಬೇಕು. ಟೂ ಸ್ಟ್ರೋಕಿನ ಎಣ್ಣೆ ಪೆಟ್ರೋಲು ಆರಿ ಅಂಟಾದರೆ ಮುಂದಿನ ಆಷಾಢಕ್ಕೆ ಮಷಿನ್ ಏಳುವುದಿಲ್ಲ. ಗಾಳಿತಿರುಪು ಮುಚ್ಚಿ, ಮಷಿನ್ ತಲೆ ಮೇಲಿರುವಂತೆ ನಿಲ್ಲಿಸಿಡಿ. ಟ್ಯಾಂಕಿನ ಮೇಲೆ ‘ಆಯಿಲ್ ಬೆರೆಸಿದ್ದು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ, ಇಲ್ಲವಾದರೆ ಮನೆಯ ಹುಡುಗ ಅದನ್ನು ಬೈಕಿಗೆ ಸುರಿದು ಹೊಗೆ ಬಿಡುತ್ತ ನನ್ನ ಅಂಗಡಿಗೇ ಬರುತ್ತಾನೆ.