ದೇವರು ಅದಾನ, ಹೆದರಬ್ಯಾಡ

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮು. ಬೆಂಗಳೂರಿನ ಕಾಲೇಜಿಗೆ ಮೊದಲ ಸಲ ಹೊರಟ ಹುಡುಗ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ; ಹಣೆಯ ಮೇಲೆ ಊರ ಗುಡಿಯ ವಿಭೂತಿ. ರೈಲು ಕದಲುವ ಮುನ್ನ ಕಿಟಕಿಯ ಸರಳು ಹಿಡಿದು ನಿಂತ ಅವ್ವ ಹೇಳುವುದು ಒಂದೇ ಮಾತು: 'ದೇವರು ಅದಾನ, ಹೆದರಬ್ಯಾಡ.'

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಎಷ್ಟೋ ಮಕ್ಕಳು ಹೀಗೆಯೇ ರೈಲು ಹತ್ತುತ್ತಾರೆ. ಚಿಂಚೋಳಿಯವರ ಪಯಣ ಬಸ್ಸಿನಿಂದ ಶುರುವಾಗುತ್ತದೆ. ಹೋದಲ್ಲಿ ಮಾತಿನ ಧಾಟಿ ಬೇರೆ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಹಾಸ್ಟೆಲಿನ ಮೊದಲ ರಾತ್ರಿ ನಿದ್ದೆ ಬಾರದು. ಗುಡಿ ಊರಲ್ಲೇ ಉಳಿಯಿತು, ದೇವರು?

ಈ ಪ್ರಶ್ನೆ ಇಡೀ ಜಿಲ್ಲೆಯನ್ನೇ ಕಾಡಿದ ಕಾಲವೊಂದಿತ್ತು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ಕಲಬುರಗಿಯಲ್ಲಿ. ಗುಡಿ, ದರ್ಗಾ, ಚರ್ಚುಗಳ ಬಾಗಿಲು ಮುಚ್ಚಿದವು. ಮುಂಬೈ, ಪುಣೆಗೆ ದುಡಿಯಲು ಹೋದವರು ಮರಳಿದಾಗ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಜೂನ್ 25ರಿಂದ ಹತ್ತನೆಯ ತರಗತಿಯ ಮಕ್ಕಳು ಮಾಸ್ಕ್ ಕಟ್ಟಿಕೊಂಡು, ದೂರ ದೂರ ಕುಳಿತು ಪರೀಕ್ಷೆ ಬರೆದರು. ಪ್ರಾರ್ಥಿಸಿದವರೆಲ್ಲ ಉಳಿಯಲಿಲ್ಲ; ಮಕ್ಕಳಿಂದ ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಹೆದರಿಕೆಯ ನಡುವೆಯೂ ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತಿದರು, ನರ್ಸ್‌ಗಳು ಪಾಳಿ ತಪ್ಪಿಸಲಿಲ್ಲ. ಗುಡಿಯ ಬೀಗ ನೋಡಿ ಬಂದವರಿಗೆ ದೇವರು ಕಂಡದ್ದು ಇಂಥವರ ಕೈಯಲ್ಲಿ.

ಮನೆ ಬಿಟ್ಟು ಹೊರಡುವುದೂ ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿ ಒಂದು ಕಾಲದ ದೊಡ್ಡ ವಿದ್ಯಾಕೇಂದ್ರ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವ 200 ವಿದ್ಯಾರ್ಥಿಗಳಿಗೂ ಪುಸ್ತಕ ಭಂಡಾರ ನೋಡಿಕೊಳ್ಳುವ 6 ಮಂದಿಗೂ ಏರ್ಪಾಡು ಮಾಡಿದ್ದನ್ನು 1058ರ ಶಾಸನ ಹೇಳುತ್ತದೆ. ಅವರೂ ಯಾವುದೋ ತಾಯಿಯ ಮಕ್ಕಳೇ. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದಿಲ್ಲಿ ಬಿಟ್ಟ ಖಾಜಾ ಬಂದೇನವಾಜರು ಕಲಬುರಗಿಗೆ ಬಂದು ನೆಲೆಸಿದಾಗ ಎಂಬತ್ತರ ಆಸುಪಾಸಿನಲ್ಲಿದ್ದರು. ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಜನ! ಇನ್ನು ಶರಣರ ದಾರಿಯಲ್ಲಿ ಇಷ್ಟಲಿಂಗ ಭಕ್ತನ ಎದೆಯ ಮೇಲೆಯೇ ಇರುತ್ತದೆ, ಪೂಜೆ ಅಂಗೈಯಲ್ಲೇ ನಡೆಯುತ್ತದೆ. ಭಕ್ತ ಹೋದಲ್ಲಿಗೆ ದೇವರೂ ಹೋಗುತ್ತಾನೆ.

ಪಾಲಕರಿಗೆ ಒಂದು ಮಾತು. 'ಪೂಜೆ ಮಾಡು, ಮಾರ್ಕ್ಸ್ ಬರ್ತಾವ' ಎಂದು ಮಕ್ಕಳಿಗೆ ಹೇಳಬೇಡಿ. ಅಂಕ ಕಡಿಮೆಯಾದ ದಿನ ಮಗು ದೇವರನ್ನೂ ಕಳೆದುಕೊಂಡೆ ಎಂದುಕೊಳ್ಳುತ್ತದೆ, ನಿಮಗೆ ಫೋನ್ ಮಾಡಲೂ ಅಂಜುತ್ತದೆ. ನಪಾಸಾದರೂ ಮನೆಯ ಬಾಗಿಲು ತೆರೆದೇ ಇರುತ್ತದೆ ಎಂದು ಹೊರಡುವ ಮೊದಲೇ ಹೇಳಿಬಿಡಿ.

ವಿದ್ಯಾರ್ಥಿಗಳೇ, ಹೆದರಿಕೆಯಾದರೆ ಅದು ನಿಮ್ಮ ಭಕ್ತಿಯ ಕೊರತೆಯಲ್ಲ. ಮಲಗುವ ಮುನ್ನ ಎರಡು ನಿಮಿಷ ನಿಮ್ಮ ದೇವರನ್ನು ನೆನೆಯಿರಿ. ಬೆಳಿಗ್ಗೆ ಎದ್ದು ಆ ದಿನದ ಪಾಠವನ್ನಷ್ಟೇ ಓದಿ. ಪಕ್ಕದ ಕೋಣೆಯಲ್ಲೂ ನಿಮ್ಮಂತೆಯೇ ಊರು ಬಿಟ್ಟು ಬಂದವನೊಬ್ಬ ಇರುತ್ತಾನೆ, ಅವನನ್ನು ಊಟಕ್ಕೆ ಕರೆಯಿರಿ. ಮನಸ್ಸಿನ ಭಾರ ಇಳಿಯದಿದ್ದರೆ ಮೇಷ್ಟ್ರಿಗೆ ಹೇಳಿ, ವೈದ್ಯರಲ್ಲಿ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಕೈ ಹಿಡಿಯುವವರನ್ನು ಕಳಿಸುವವನೂ ಅವನೇ ಅಲ್ಲವೇ?

ರೈಲು ರಾಯಚೂರು ದಾಟುವ ಹೊತ್ತಿಗೆ ಹುಡುಗನ ಫೋನು ಗುನುಗುತ್ತದೆ. 'ರೊಟ್ಟಿ ಉಂಡಿ ಏನಪ್ಪಾ?' ಇಲ್ಲವೆಂದು ಅವ್ವನಿಗೆ ಗೊತ್ತು. ಹುಡುಗ ಗಂಟು ಬಿಚ್ಚುತ್ತಾನೆ. ಎದುರು ಕುಳಿತವನಿಗೂ ಒಂದು ರೊಟ್ಟಿ ಮುರಿದು ಕೊಡುತ್ತಾನೆ.